ಮುತ್ತು ಎಂಬ ಹೆಸರು

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಮಾತೃಸಂಗಮದಲ್ಲಿ ಕ್ಷೇತ್ರದ ಮೊಕ್ತೇಸರರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)





ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಜೀನಸು ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಈಗ ಐವತ್ತೆಂಟು ವರ್ಷವಾದರೂ ಅದನ್ನು ಕೆಳಗಿಟ್ಟಿಲ್ಲ. ದೊಡ್ಡ ದೊಡ್ಡ ವಿದ್ವಾಂಸರು ಧಾರ್ಮಿಕ ಸಭೆಗಳಲ್ಲಿ ಮಾತಾಡಲಿದ್ದಾರೆ. ಹಾಗಿರುವಾಗ ಮಾತೃಸಂಗಮದಲ್ಲಿ ನೀವೂ ನಾಲ್ಕು ಮಾತು ಹೇಳಬೇಕೆಂದು ಮಹಿಳಾ ಸಮಿತಿಯವರು ಒತ್ತಾಯಿಸಿದಾಗ, ಹೆಂಗಸರ ಸಭೆಯಲ್ಲಿ ನಾನು ಹೇಳುವುದೇನಿದೆ ಎಂದು ಹಿಂದೆ ಸರಿದೆ. ಆಗ ಅವರೇ ಒಂದು ವಿಷಯ ಕೊಟ್ಟರು. “ನಿಮ್ಮ ಮೊಮ್ಮಗಳಿಗೆ ಈ ಕಾಲದಲ್ಲಿ ಮುತ್ತು ಎಂದು ಹೆಸರಿಟ್ಟಿದ್ದೀರಲ್ಲ, ಅದು ಯಾಕೆ ಎಂದು ಹೇಳಿ, ಸಾಕು” ಎಂದರು. ಒಪ್ಪಿದೆ. ಒಪ್ಪಿದ ಮೇಲೆ ತಿಳಿಯಿತು, ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು ಎಂದು. ದೇವರ ಎದುರು ಹೇಳುವುದಕ್ಕೆ ಸಂಕೋಚವೇಕೆ?

ನಮ್ಮ ಗರ್ಭಗುಡಿಯ ಕೆಲಸ ಪ್ರಾರಂಭವಾದಾಗ ನಿಧಿಕುಂಭ ಸ್ಥಾಪನೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ದೇವರ ಪೀಠದ ಅಡಿಯಲ್ಲಿ ಇಡುವ ಆ ಕುಂಭಕ್ಕೆ ಭಕ್ತರು ಸಾಲಾಗಿ ನಿಂತು ತಮ್ಮ ತಮ್ಮ ಶಕ್ತಿಯಂತೆ ಚಿನ್ನ, ಬೆಳ್ಳಿ, ರತ್ನಗಳನ್ನು ಸಮರ್ಪಿಸಿದರು. ಆ ದಿನ ನಾನು ಹಾಕಿದ್ದು ಒಂದೇ ಒಂದು ಮುತ್ತು. ನನ್ನ ತಾಯಿಯ ಬೆಂಡೋಲೆಯಿಂದ ಬಿಡಿಸಿದ ಮುತ್ತು. ಅದು ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಲ್ಲಿ ಇದೆ ಎಂದು ನನಗೆ ಗೊತ್ತು. ನನ್ನ ತಾಯಿಯ ಹೆಸರೂ ಅದೇ — ಮುತ್ತಕ್ಕ.

ರತ್ನದ ಹೆಸರುಗಳು ನಮ್ಮ ಊರಿಗೆ ಹೊಸತಲ್ಲ. ನನ್ನ ಅಂಗಡಿಯ ಹಳೆಯ ಸಾಲದ ಪುಸ್ತಕಗಳನ್ನು ಬಿಡಿಸಿದರೆ ಒಂದು ಚಿನಿವಾರ ಪೇಟೆಯೇ ಕಾಣುತ್ತದೆ. ರತ್ನಾವತಿ, ರತ್ನಮ್ಮ, ಮುತ್ತಕ್ಕ, ಮುತ್ತು, ನೀಲಮ್ಮ, ನೀಲಾವತಿ, ಮಾಣಿಕ್ಯ, ಮಣಿ. ಅರ್ಧ ಸೇರು ಅಕ್ಕಿ, ಕಾಲು ಕುಪ್ಪಿ ಎಳ್ಳೆಣ್ಣೆ, ಎರಡಾಣೆಯ ಬೆಲ್ಲ ಸಾಲ ಒಯ್ದವರ ಹೆಸರುಗಳಿವು. ಮೈಮೇಲೆ ಒಂದು ಗುಲಗಂಜಿ ಚಿನ್ನವಿಲ್ಲದ ಮನೆಯವರೂ ಮಗಳಿಗೆ ಮಾತ್ರ ರತ್ನದ ಹೆಸರಿಟ್ಟಿದ್ದಾರೆ. ಸೊಸೈಟಿಯಲ್ಲಿ ಅಡವಿಡಲಾಗದ, ಕಳ್ಳರು ಕದಿಯಲಾಗದ, ಪಾಲಿನಲ್ಲಿ ಹರಿದುಹೋಗದ ರತ್ನ ಅದೊಂದೇ ಎಂದು ಆ ಬಡವರಿಗೆ ತಿಳಿದಿತ್ತೆಂದು ನನಗೆ ಅನಿಸುತ್ತದೆ.

ನವರತ್ನಗಳು ಯಾವುವೆಂದು ನಿಮಗೆ ಗೊತ್ತೇ ಇದೆ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಈ ಒಂಬತ್ತರಲ್ಲಿ ಏಳು ನೆಲದ ಒಡಲಿನಿಂದ ಬಂದ ಕಲ್ಲುಗಳು. ಮುತ್ತು ಮತ್ತು ಹವಳ ಎರಡು ಮಾತ್ರ ನೀರಿನಲ್ಲಿ ಜೀವಿಗಳಿಂದ ಹುಟ್ಟಿದವು. ಅದರಲ್ಲೂ ಮುತ್ತಿಗೆ ಒಂದು ವಿಶೇಷವಿದೆ. ವಜ್ರವನ್ನು ಕೊಯ್ಯಬೇಕು, ಮಾಣಿಕ್ಯವನ್ನು ಸಾಣೆ ಹಿಡಿಯಬೇಕು. ಮುತ್ತಿಗೆ ಸಾಣೆ ಬೇಡ. ಚಿಪ್ಪು ಬಿಡಿಸಿದಾಗ ಹೇಗಿತ್ತೋ ಹಾಗೆಯೇ ಅದು ಒಡವೆ. ಹುಟ್ಟಿದ ಮಗುವಿಗೆ ಇದಕ್ಕಿಂತ ಹೊಂದುವ ಹೋಲಿಕೆ ಇನ್ನಾವುದಿದೆ?

ಇನ್ನು ಈ ಶಬ್ದದ ವಿಚಾರ. ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತೇವೆ. ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಕೆಳಗಿಳಿಯುತ್ತೇವೆ. ಅಂಗಡಿಯ ಗಲ್ಲೆಯಲ್ಲಿ ಕುಳಿತವನಿಗೆ ಅದು ಭಾಷಣದ ಮಾತಲ್ಲ, ನಿತ್ಯದ ವ್ಯಾಪಾರ. ಒಂದೇ ಬೆಳಿಗ್ಗೆ ನಾನು ನಾಲ್ಕು ಭಾಷೆಯಲ್ಲಿ ಉಪ್ಪು ಮಾರುತ್ತೇನೆ. ಎಷ್ಟೋ ಹೆಸರುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಾಗ ಮುಖ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ಆದರೆ ಮುತ್ತು ಹಾಗಲ್ಲ. ಕನ್ನಡದಲ್ಲಿ ಮುತ್ತು, ತುಳುವಿನಲ್ಲಿ ಮುತ್ತು, ಮಲಯಾಳದಲ್ಲಿ ಮುತ್ತ್, ಆಚೆ ತಮಿಳುನಾಡಿಗೆ ಹೋದರೂ ಮುತ್ತು. ಮರಾಠಿ, ಕೊಂಕಣಿ, ಉರ್ದು ಮನೆಗಳಲ್ಲಿ ತುಸು ಹೆಚ್ಚು ಕಡಿಮೆ ಮೋತಿ. ಸಂಸ್ಕೃತದಲ್ಲಿ ಮುಕ್ತಾ ಅಥವಾ ಮೌಕ್ತಿಕ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನಮ್ಮ ಅಂಗಡಿಗೆ ಬರುವ ಕ್ರೈಸ್ತ ಬಾಯಮ್ಮನವರಲ್ಲಿ ಮಾರ್ಗರೆಟ್ ಎಂಬ ಹೆಸರು ಉಂಟಷ್ಟೆ. ಅದು ಗ್ರೀಕ್ ಭಾಷೆಯಿಂದ ಬಂದ ಹೆಸರು, ಅರ್ಥ ಮುತ್ತು ಎಂದೇ. ಗಲ್ಫಿಗೆ ಹೋಗಿ ಬಂದ ನಮ್ಮ ಹುಡುಗರು ಲುಲು, ಲುಲು ಎನ್ನುತ್ತಾರಲ್ಲ, ಕೇರಳದಲ್ಲೂ ದೊಡ್ಡ ದೊಡ್ಡ ಮಳಿಗೆಗಳ ಹೆಸರಾಗಿದೆಯಲ್ಲ, ಅರಬ್ಬಿ ಭಾಷೆಯಲ್ಲಿ ಅದಕ್ಕೂ ಮುತ್ತು ಎಂದೇ ಅರ್ಥ. ಅಂದರೆ ದೇವಸ್ಥಾನದ ಬೀದಿಯ ಮುತ್ತಕ್ಕ, ಇಗರ್ಜಿಯ ಬಳಿಯ ಮಾರ್ಗರೆಟ್ ಬಾಯಿ, ಗಲ್ಫಿನ ಲುಲು, ಮೂರೂ ಒಂದೇ ಹೆಸರು. ಇವರು ನನ್ನ ಅಂಗಡಿಯ ಮುಂದೆ ಒಂದೇ ಬೆಂಚಿನಲ್ಲಿ ಕುಳಿತು ಮಳೆ ನಿಲ್ಲುವುದನ್ನು ಕಾದದ್ದುಂಟು. ತಮ್ಮ ಹೆಸರು ಒಂದೇ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸಂಸ್ಕೃತದ ಮುಕ್ತಾ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಮುತ್ತು, ಇನ್ನೊಂದು ಬಿಡುಗಡೆ ಹೊಂದಿದವಳು. ಚಿಪ್ಪಿನಿಂದ ಬಿಡುಗಡೆಗೊಂಡದ್ದರಿಂದ ಮುತ್ತಿಗೆ ಆ ಹೆಸರು ಎಂದು ಬಲ್ಲವರು ವಿವರಿಸುತ್ತಾರೆ. ಈ ಹೆಸರಿನ ಇಬ್ಬರು ಮಹಾತಾಯಿಯರನ್ನು ನಾವು ಸ್ಮರಿಸಬೇಕು. ಒಬ್ಬಳು 12ನೆಯ ಶತಮಾನದ ನಮ್ಮ ಕನ್ನಡದ ಶರಣೆ ಮುಕ್ತಾಯಕ್ಕ. ಲಕ್ಕುಂಡಿಯ ಅಜಗಣ್ಣನ ತಂಗಿ. ಅಣ್ಣ ತೀರಿಕೊಂಡ ದುಃಖದಲ್ಲಿದ್ದಾಗ ಅಲ್ಲಮಪ್ರಭುವಿನಂಥವರು ಎದುರು ನಿಂತರೂ ಅಳುಕದೆ ಪ್ರಶ್ನೆಗೆ ಪ್ರಶ್ನೆ ಹಾಕಿ ಮಾತಾಡಿದವಳು. ಇನ್ನೊಬ್ಬಳು ಮರಾಠಿಯ ಸಂತಳಾದ ಮುಕ್ತಾಬಾಯಿ. ನಿವೃತ್ತಿನಾಥ, ಜ್ಞಾನೇಶ್ವರ, ಸೋಪಾನದೇವರ ತಂಗಿ. ಜನರ ನಿಂದೆಯಿಂದ ನೊಂದು ಜ್ಞಾನೇಶ್ವರರು ಗುಡಿಸಲಿನ ತಟ್ಟಿ ಮುಚ್ಚಿ ಒಳಗೆ ಕುಳಿತಾಗ, ಹೊರಗೆ ನಿಂತು ಅಣ್ಣನಿಗೆ ಬುದ್ಧಿ ಹೇಳಿ ಬಾಗಿಲು ತೆರೆಸಿದ ಪುಟ್ಟ ಹುಡುಗಿ ಅವಳು. 1297ರಲ್ಲಿ ಎಳೆಯ ವಯಸ್ಸಿನಲ್ಲೇ ದೇಹ ಬಿಟ್ಟಳು. ಇಬ್ಬರೂ ತಂಗಿಯರು. ಇಬ್ಬರೂ ದೊಡ್ಡವರ ಎದುರು ನಿಜವಾದ ಮಾತನ್ನು ಆಡಿದವರು. ಮನೆಯಲ್ಲಿ ಚಿಕ್ಕವಳೆಂದು ಮೂಲೆಗೆ ಕೂರಿಸಿದ ಹುಡುಗಿಯ ಬಾಯಲ್ಲೂ ಮುತ್ತಿನಂಥ ಮಾತು ಇರಬಹುದೆಂಬುದಕ್ಕೆ ಇವರೇ ಸಾಕ್ಷಿ.

ಮುತ್ತು ಆಗುವ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಹೆಸರಿನ ಅರ್ಥ ಅದರಲ್ಲೇ ಇದೆ. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಇಂದಿನವರು ಪರೀಕ್ಷೆ ಮಾಡಿ ತಿಳಿಸಿರುವುದು ಬೇರೆ. ಚಿಪ್ಪಿನ ಒಳಗಿನ ಮೆತ್ತಗಿನ ಜೀವಿಗೆ ಯಾವುದೋ ಕ್ರಿಮಿಯೋ ಕಸವೋ ಹೊಕ್ಕು ಗಾಯವಾಗುತ್ತದೆ. ಕೈಯಿಲ್ಲದ ಜೀವಿ, ತೆಗೆದು ಬಿಸಾಡಲು ಆಗುವುದಿಲ್ಲ. ಆಗ ಅದು ತನ್ನ ಚಿಪ್ಪಿನ ಒಳಮೈಗೆ ಬಳಿಯುವ ಹೊಳಪಿನ ದ್ರವವನ್ನೇ ಆ ನೋವಿನ ಸುತ್ತ ಪದರ ಪದರವಾಗಿ ಸುತ್ತುತ್ತ ಹೋಗುತ್ತದೆ. ವರ್ಷಗಳು ಕಳೆದ ಮೇಲೆ ಅದೇ ಮುತ್ತು. 1893ರಲ್ಲಿ ಜಪಾನಿನ ಮಿಕಿಮೊಟೊ ಎಂಬವರು ಈ ಗುಟ್ಟನ್ನು ಹಿಡಿದು ಚಿಪ್ಪಿನಲ್ಲಿ ಮುತ್ತನ್ನು ಬೆಳೆಸಿ ತೋರಿಸಿದರು. ಮುಂದೆ ಆ ಬೆಳೆಸಿದ ಮುತ್ತು ಪೇಟೆಗೆ ಬಂದು, ಜಗತ್ತಿನ ವ್ಯಾಪಾರವೂ ಕುಸಿದು, 1930ರ ನಂತರ ಗಲ್ಫಿನ ಮುತ್ತಿನ ಮುಳುಗುಗಾರರ ಕಸುಬು ನಿಂತುಹೋಯಿತು. ಇಂದು ಅಂಗಡಿಗಳಲ್ಲಿ ಸಿಗುವ ಮುತ್ತುಗಳು ಹೆಚ್ಚುಕಡಿಮೆ ಎಲ್ಲವೂ ಬೆಳೆಸಿದವು. ಅವೂ ನಿಜವಾದ ಮುತ್ತುಗಳೇ. ಗಾಜಿನದೋ ಪ್ಲಾಸ್ಟಿಕಿನದೋ ಎಂಬ ಸಂಶಯ ಬಂದರೆ ಹಲ್ಲಿಗೆ ಮೆಲ್ಲನೆ ಉಜ್ಜಿ ನೋಡಿ. ನಿಜವಾದದ್ದು ಸಣ್ಣ ಮರಳಿನಂತೆ ತರಿತರಿ ಎನ್ನುತ್ತದೆ, ಸುಳ್ಳಿನದ್ದು ಜಾರುತ್ತದೆ.

ಮುತ್ತು ಬಹಳ ಮೆದು. ವಜ್ರದೊಟ್ಟಿಗೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುತ್ತದೆ. ಹುಳಿ, ಬೆವರು, ಸೆಂಟು ತಾಗಿದರೆ ಕಳೆಗುಂದುತ್ತದೆ. ಆದ್ದರಿಂದ ಅಲಂಕಾರವೆಲ್ಲ ಮುಗಿದ ಮೇಲೆ ಮುತ್ತನ್ನು ತೊಡಬೇಕು, ಬಿಚ್ಚುವಾಗ ಮೊದಲು ಅದನ್ನೇ ಬಿಚ್ಚಿ ಮೆದು ಬಟ್ಟೆಯಲ್ಲಿ ಒರೆಸಿಡಬೇಕು. ಹಾಗೆಂದು ಬೀರುವಿನಲ್ಲಿ ಬೀಗ ಹಾಕಿಟ್ಟು ಮರೆತರೂ ಕೆಡುತ್ತದೆ. ತೀರಾ ಒಣಗಿದ ಜಾಗದಲ್ಲಿ ವರ್ಷಗಟ್ಟಲೆ ಬಿದ್ದ ಮುತ್ತು ಬಿರುಕು ಬಿಡುವುದುಂಟು. ಆಗಾಗ ತೊಡುತ್ತಿರಬೇಕು. ಹೆಸರೂ ಹೀಗೆಯೇ. ಕರೆಯುತ್ತಿರಬೇಕು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಶಾಲೆಯಲ್ಲಿ ನನ್ನ ಬರವಣಿಗೆ ಚೆನ್ನಾಗಿತ್ತು. “ಮುತ್ತಿನಂಥ ಅಕ್ಷರ” ಎಂದು ಮಾಸ್ತರರು ಬೆನ್ನು ತಟ್ಟುತ್ತಿದ್ದರು. ಆದರೆ ಹೈಸ್ಕೂಲಿಗೆ ಹೋದ ಮೇಲೆ ಪೇಟೆಯ ಹುಡುಗರು “ಮುತ್ತಕ್ಕನ ಮಗ” ಎಂದು ಕೂಗಿ ನಗುತ್ತಿದ್ದರು. ಅವರ ತಾಯಂದಿರ ಹೆಸರುಗಳು ಸಿನಿಮಾದಲ್ಲಿ ಬರುವಂಥವು. ನನಗೆ ತಾಯಿಯ ಹೆಸರು ಹೇಳಲು ನಾಚಿಕೆಯಾಗತೊಡಗಿತು. 1986ರಲ್ಲಿ ಮನೆಗೆ ಹೊಸ ರೇಷನ್ ಕಾರ್ಡಿಗೆ ಅರ್ಜಿ ಬರೆಯಬೇಕಾಯಿತು. ಮನೆಯಲ್ಲಿ ಎಸ್.ಎಸ್.ಎಲ್.ಸಿ. ಆದವನು ನಾನೊಬ್ಬನೇ. ತಂದೆಯವರು ಕಾಗದವನ್ನು ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದರು. ಆ ಮುತ್ತಿನಂಥ ಅಕ್ಷರದಲ್ಲಿ ನಾನು ತಾಯಿಯ ಹೆಸರನ್ನು ‘ಮುಕ್ತಾದೇವಿ’ ಎಂದು ಬರೆದೆ. ಯಾರನ್ನೂ ಕೇಳಲಿಲ್ಲ. ಅಮ್ಮನನ್ನೂ ಕೇಳಲಿಲ್ಲ. ಅರ್ಥ ಒಂದೇ ತಾನೇ, ಇದು ಚೆಂದವಾಗಿದೆ ಎಂದು ನನ್ನ ಲೆಕ್ಕ.

ಮುಂದೆ ಮತದಾರರ ಗುರುತಿನ ಚೀಟಿ ಬಂತು, ಬ್ಯಾಂಕಿನ ಪುಸ್ತಕ ಬಂತು, ಆಧಾರ್ ಬಂತು. ಒಂದನ್ನು ನೋಡಿ ಇನ್ನೊಂದನ್ನು ಬರೆದರು. ಎಲ್ಲದರಲ್ಲೂ ಮುಕ್ತಾದೇವಿ. ಅಮ್ಮನ ತವರಿನಿಂದ ಬಂದ ಮನೆಯಡಿಯ ಜಾಗದ ದಾಖಲೆಯಲ್ಲಿ ಮಾತ್ರ ಮುತ್ತಕ್ಕ.

ಈ ನಡುವೆ ಒಂದು ಒಳ್ಳೆಯ ಸಂಗತಿ ನಡೆದಿತ್ತು. ಕೇರಳದಲ್ಲಿ ದೊಡ್ಡದಾಗಿ ಸಾಕ್ಷರತಾ ಚಳವಳಿ ನಡೆದು 1991ರ ಏಪ್ರಿಲಿನಲ್ಲಿ ರಾಜ್ಯವನ್ನು ಸಂಪೂರ್ಣ ಸಾಕ್ಷರವೆಂದು ಸಾರಿದರಲ್ಲ, ಆಗ ನಮ್ಮೂರಲ್ಲೂ ಸಂಜೆ ಹೊತ್ತು ಲಾಟೀನಿನ ಬೆಳಕಿನಲ್ಲಿ ತರಗತಿ ನಡೆಯುತ್ತಿತ್ತು. ಇಲ್ಲಿ ಕುಳಿತಿರುವ ಕೆಲವು ಹಿರಿಯ ತಾಯಂದಿರು ಅದರಲ್ಲಿ ಕಲಿತವರು. ನಮ್ಮಮ್ಮ ಐವತ್ತರ ಹತ್ತಿರದ ವಯಸ್ಸಿನಲ್ಲಿ ಅಲ್ಲಿ ತನ್ನ ಹೆಸರು ಬರೆಯಲು ಕಲಿತಳು. ಮು, ತ್ತ, ಕ್ಕ. ಮೂರೇ ಅಕ್ಷರ, ಆದರೆ ಎರಡು ಒತ್ತು. ಆ ಒತ್ತು ಸರಿಯಾಗುವುದಕ್ಕೆ ಒಂದು ತಿಂಗಳು ಹಿಡಿಯಿತು. ಅಂಗಡಿಯಿಂದ ಒಯ್ದ ಪೊಟ್ಟಣದ ಕಾಗದಗಳ ಮೇಲೆಲ್ಲ ಬರೆದು ಬರೆದು ಅಭ್ಯಾಸ ಮಾಡಿದಳು. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು ಎಂದು ಅವಳಿಗೆ ಎಲ್ಲಿಲ್ಲದ ಹಿಗ್ಗು.

2011ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ಅಮ್ಮ ತನ್ನ ಜಾಗದಲ್ಲಿ ಒಂದು ಪಾಲನ್ನು ನನ್ನ ತಂಗಿಗೆ ದಾನಪತ್ರ ಮಾಡಿಕೊಡಬೇಕೆಂದು ಹೊರಟಳು. ತಂಗಿಗೆ ಮನೆ ಕಟ್ಟಲು ಸಾಲ ಮಂಜೂರಾಗಬೇಕಿತ್ತು. ದಾಖಲೆಯ ಮುತ್ತಕ್ಕ ಬೇರೆ, ಆಧಾರಿನ ಮುಕ್ತಾದೇವಿ ಬೇರೆ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ತರಬೇಕು ಎಂದರು. ಅದರಲ್ಲಿ ಕಚೇರಿಯವರ ತಪ್ಪೇನೂ ಇಲ್ಲ. ಅವರು ಕಾಗದವನ್ನು ನೋಡಿ ಕೆಲಸ ಮಾಡುವವರು, ನಮ್ಮ ಅಮ್ಮನನ್ನು ಕಂಡವರಲ್ಲ. ನಾವು ಅಲೆದೆವು. ಅಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ತಂಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ಸೋರುವ ಬಾಡಿಗೆ ಮನೆಯಲ್ಲಿ ಆ ಮಳೆಗಾಲ ಕಳೆದಳು.

ಕೊನೆಗೆ ಒಂದು ದಿನ ಕಾಗದಗಳು ಸಿದ್ಧವಾಗಿ ಸಹಿ ಹಾಕುವ ಹೊತ್ತು ಬಂತು. ಅಮ್ಮ ಪೆನ್ನು ಹಿಡಿದಳು. ಇನ್ನು ಯಾವ ತಕರಾರೂ ಬೇಡವೆಂಬ ಅವಸರದಲ್ಲಿ ನಾನೇ ಹೇಳಿದೆ, “ಅಮ್ಮಾ, ಇಲ್ಲಿ ಮುಕ್ತಾದೇವಿ ಎಂದು ಬರೆಯಬೇಕು.” ಅಮ್ಮ ನನ್ನ ಮುಖ ನೋಡಿದಳು. “ಅದು ನನಗೆ ಬರೆಯಲು ಬರುವುದಿಲ್ಲ ಮಗಾ” ಎಂದಳು. ಪೆನ್ನು ಕೆಳಗಿಟ್ಟು ಹೆಬ್ಬೆರಳು ಚಾಚಿದಳು.

ಬಸ್ಸಿನಲ್ಲಿ ಬರುವಾಗ ಸೆರಗಿನ ತುದಿಯಿಂದ ಬೆರಳಿನ ಶಾಯಿಯನ್ನು ಉಜ್ಜುತ್ತ ಕುಳಿತಿದ್ದಳು. ನನ್ನನ್ನು ಬೈಯಲಿಲ್ಲ. “ಆ ಸಾಕ್ಷರತೆಯ ಟೀಚರು ಎಲ್ಲಿಯಾದರೂ ಸಿಕ್ಕಿದರೆ ಇದನ್ನು ಹೇಳಬೇಡ” ಎಂದಳು, ಅಷ್ಟೆ. 2019ರಲ್ಲಿ ಅಮ್ಮ ಹೋದಳು. ಮರಣದ ಪ್ರಮಾಣಪತ್ರದಲ್ಲೂ ನಾನು ಇಟ್ಟ ಹೆಸರೇ ಇದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಇದೆ. ಬರೆದದ್ದು ಹೋಗುವುದಿಲ್ಲ, ಉಳಿಯುತ್ತದೆ ಎಂದು ನಾನು ಅದಕ್ಕೆ ಸೇರಿಸುತ್ತೇನೆ. ಮುಕ್ತಾ ಎಂಬುದು ಕೆಟ್ಟ ಹೆಸರೆಂದು ನಾನು ಹೇಳುತ್ತಿಲ್ಲ. ಈಗಷ್ಟೇ ಇಬ್ಬರು ಮಹಾತಾಯಿಯರನ್ನು ಸ್ಮರಿಸಿದೆವು. ಆದರೆ ಅದು ನನ್ನ ಅಮ್ಮನ ಹೆಸರಾಗಿರಲಿಲ್ಲ. ಅವಳನ್ನು ಆ ಹೆಸರಿನಿಂದ ಯಾರೂ ಒಂದು ದಿನವೂ ಕರೆದದ್ದಿಲ್ಲ.

ನಮ್ಮ ಹತ್ತಿರದ ಮಧೂರು ಕ್ಷೇತ್ರದ ಸ್ಥಳಪುರಾಣ ನಿಮಗೆ ಗೊತ್ತು. ಹುಲ್ಲು ಕೊಯ್ಯುತ್ತಿದ್ದ ಮದರು ಎಂಬ ಹೆಂಗಸಿನ ಕತ್ತಿಗೆ ದೇವರ ಶಿಲೆ ತಾಗಿತು, ಅವಳ ಹೆಸರಿನಿಂದಲೇ ಊರಿಗೆ ಮಧೂರು ಎಂದಾಯಿತು ಎಂದು ಹೇಳುತ್ತಾರೆ. ಹುಲ್ಲು ಕೊಯ್ಯುವವಳ ಹೆಸರು ದೇವರಿಗೆ ಹಳೆಯದಾಗಿ ಕಾಣಲಿಲ್ಲ. ಹತ್ತನೆಯ ತರಗತಿ ಪಾಸಾದ ನನಗೆ ಅಮ್ಮನ ಹೆಸರು ಹಳೆಯದಾಗಿ ಕಂಡಿತು.

ಇನ್ನು ಮೊಮ್ಮಗಳ ವಿಷಯ ಹೇಳಿ ಮುಗಿಸುತ್ತೇನೆ. 2024ರಲ್ಲಿ ನನ್ನ ಮಗನಿಗೆ ಹೆಣ್ಣು ಮಗು ಹುಟ್ಟಿತು. ಸೊಸೆ ಕಾಞಂಗಾಡಿನ ಕಡೆಯವಳು, ಮನೆಮಾತು ಮಲಯಾಳ, ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತವಳು. ಹೆಸರಿನ ಚರ್ಚೆ ಸುರುವಾಯಿತು. ಮಗ ಮೊಬೈಲಿನಲ್ಲಿ ಹುಡುಕಿ ಹುಡುಕಿ ರತ್ನಗಳ ಇಂಗ್ಲಿಷ್ ಹೆಸರುಗಳ ಪಟ್ಟಿ ಮಾಡಿದ. ರೂಬಿ, ಪರ್ಲ್, ಹೀಗೆ. ಗಂಡ ಹೆಂಡತಿ ಇಬ್ಬರಿಗೂ ಪರ್ಲ್ ಹಿಡಿಸಿತು. “ಮಾವಾ, ಪರ್ಲ್ ಆಗಬಹುದಾ?” ಎಂದು ಸೊಸೆ ನನ್ನನ್ನು ಕೇಳಿದಳು. ಒಮ್ಮೆ ಹೆಸರಿನ ವಿಷಯದಲ್ಲಿ ಕೈಹಾಕಿ ಕೆಡಿಸಿದವನು ನಾನು. ಏನೂ ಹೇಳದೆ ಸುಮ್ಮನಿದ್ದೆ.

ಒಂದು ಸಂಜೆ ಅಂಗಡಿಯಿಂದ ಬಂದು ಜಗಲಿಯಲ್ಲಿ ಕುಳಿತಿದ್ದೆ. ಒಳಗೆ ಮಗು ಅಳುತ್ತಿತ್ತು. ಸೊಸೆ ಅದನ್ನು ಎತ್ತಿಕೊಂಡು ತನ್ನ ಭಾಷೆಯಲ್ಲಿ “ಮುತ್ತೇ, ಎಂಡೆ ಮುತ್ತೇ” ಎಂದು ಸಮಾಧಾನ ಮಾಡುತ್ತಿದ್ದಳು. ಮಲಯಾಳದ ತಾಯಂದಿರು ಮಕ್ಕಳನ್ನು ಹಾಗೆ ಕರೆಯುವುದು ವಾಡಿಕೆ. ಐದು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಕರೆಯದ ಹೆಸರು ಅದು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ಹೇಳಿದೆ, “ಮಗಳೇ, ನೀನು ಪುಸ್ತಕಕ್ಕೆ ಹುಡುಕಿದ ಹೆಸರೂ ಬಾಯಲ್ಲಿ ಕರೆಯುವ ಹೆಸರೂ ಒಂದೇ. ಅದು ನನ್ನ ಅಮ್ಮನ ಹೆಸರು.” ಅಂದು ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಬೆಂಡೋಲೆಯ ಜೊತೆ ತೆಗೆದಿಟ್ಟಿದ್ದ ಅಮ್ಮನ ಸಾಕ್ಷರತೆಯ ಪುಸ್ತಕವನ್ನೂ ತೋರಿಸಿದೆ. ಅವಳು ಆ ಮೂರು ಅಕ್ಷರಗಳ ಮೇಲೆ ಬೆರಳಾಡಿಸಿ, “ಹಾಗಾದರೆ ಎರಡು ಹೆಸರು ಯಾಕೆ ಮಾವಾ, ಮುತ್ತು ಸಾಕು” ಎಂದಳು. ಅದು ಅವಳ ತೀರ್ಮಾನ, ನನ್ನದಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

ನಾಮಕರಣದ ದಿನ ಪುರೋಹಿತರು, ಹೆಣ್ಣು ಮಗುವಿನ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರ ಇರಬೇಕೆಂದು ಶಾಸ್ತ್ರವಿದೆ ಎಂದರು. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿ, ಕ್ರೂರವಲ್ಲದ ಸ್ಪಷ್ಟ ಅರ್ಥದ್ದಾಗಿ, ಮನಸ್ಸಿಗೆ ಹಿತವಾಗಿ, ಮಂಗಳಕರವಾಗಿ ಇರಬೇಕೆಂದು ಮನುವೂ ಹೇಳಿದ್ದಾನಂತೆ. ಕಿವಿಯಲ್ಲಿ ಹೇಳುವ ನಕ್ಷತ್ರನಾಮಕ್ಕೆ ಮೂರು ಅಕ್ಷರ ನೋಡಿ ಇಟ್ಟರು. ವ್ಯವಹಾರದ ಹೆಸರಾಗಿ ಹರಿವಾಣದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಮುತ್ತು ಎಂದು ಬರೆದೆವು. ಹತ್ತಿರದ ಹೆಂಗಸೊಬ್ಬರು, “ಇಷ್ಟು ಹಳೆಯ ಹೆಸರಾ?” ಎಂದರು. ಸೊಸೆ ನಗುತ್ತ, “ಮುತ್ತು ಹಳೆಯದಾದರೆ ಕ್ರಯ ಕಡಿಮೆಯಾಗುತ್ತದಾ ಅಕ್ಕಾ?” ಎಂದು ಕೇಳಿದಳು. ವ್ಯಾಪಾರಿಯ ಮನೆಗೆ ತಕ್ಕ ಸೊಸೆ.

ಪ್ರಿಯ ತಾಯಂದಿರೇ, ಇಷ್ಟು ಹೇಳಿದ ಮೇಲೆ ಅನುಭವದಿಂದ ಕಲಿತ ಎರಡು ಉಪಯೋಗದ ಮಾತುಗಳನ್ನೂ ಹೇಳದಿದ್ದರೆ ಅಂಗಡಿಯವನ ಮಾತು ಪೂರ್ತಿಯಾಗುವುದಿಲ್ಲ.

ಮಗು ಹುಟ್ಟಿದರೆ 21 ದಿನಗಳ ಒಳಗೆ ಜನನವನ್ನು ದಾಖಲಿಸಬೇಕು. ಹೆಸರು ಆಗಲೇ ಗೊತ್ತಾಗದಿದ್ದರೆ ಅವಸರ ಮಾಡಬೇಡಿ. ದಾಖಲಾದ ಮೇಲೆ 12 ತಿಂಗಳ ತನಕ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದರೆ ಸೇರಿಸುವಾಗ ನೂರು ಸಲ ಯೋಚಿಸಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ, ಮತದಾರರ ಪಟ್ಟಿಗೆ, ವಾಹನದ ಲೈಸೆನ್ಸಿಗೆ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ತಪ್ಪಿದರೆ ಎಲ್ಲ ಕಡೆಯೂ ತಪ್ಪು.

ಗಡಿನಾಡಿನವರಾದ ನಮ್ಮ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ಲಿಪಿಗಳಲ್ಲಿ ಓಡಾಡಬೇಕು. ಮೂರರಲ್ಲೂ ಹೇಗೆ ಬರೆಯುವುದೆಂದು ಮೊದಲ ದಿನವೇ ಮನೆಯವರೆಲ್ಲ ಕುಳಿತು ನಿಶ್ಚಯಿಸಿ ಒಂದು ಕಾಗದದಲ್ಲಿ ಬರೆದಿಡಿ. ಮುತ್ತು ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ‘ಟಿ’ ಹಾಕಿ ಬರೆದರೆ ಶಾಲೆಯಲ್ಲಿ ‘ಮುಟ್ಟು’ ಎಂದು ಓದಿಬಿಡುತ್ತಾರೆ; ಮಗು ಅಳುತ್ತ ಮನೆಗೆ ಬರುತ್ತದೆ. ನಮ್ಮ ಕಡೆಯ ರೂಢಿಯಂತೆ ‘ಟಿ’ಯ ಮುಂದೆ ‘ಎಚ್’ ಹಾಕಿದ್ದೇವೆ. ಇಷ್ಟು ಸಣ್ಣ ವಿಷಯಕ್ಕೆ ಮುಂದೆ ಎಷ್ಟು ಅಲೆದಾಟ ತಪ್ಪುತ್ತದೆ ಎಂದು ಅಲೆದವನಿಗೆ ಗೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯಲ್ಲಿ ಕರೆಯುವ ಹೆಸರೂ ಕಾಗದದಲ್ಲಿ ಬರೆಯುವ ಹೆಸರೂ ಆದಷ್ಟು ಒಂದೇ ಇರಲಿ. ಹೊಸ ಹೆಸರೇ ಬೇಕೆಂದಿದ್ದರೆ ಹೊಸದನ್ನೇ ಇಡಿ, ಆಕ್ಷೇಪವಿಲ್ಲ. ಆದರೆ ಇಡುವ ಮೊದಲು ನಿಮ್ಮ ಮನೆಯ ಅಜ್ಜಿಯರ, ಮುತ್ತಜ್ಜಿಯರ ಹೆಸರುಗಳನ್ನು ಒಮ್ಮೆ ಕೇಳಿ ಬರೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ಹೆಸರು ತರವಾಡಿನ ದಾಖಲೆಯಲ್ಲಿ ಇದೆ, ಮುತ್ತಜ್ಜಿಯ ಹೆಸರು ಯಾರಿಗೂ ತಿಳಿದಿಲ್ಲ. ಮೊಬೈಲಿನಲ್ಲಿ ಹುಡುಕುವ ರತ್ನ ಅಲ್ಲೇ ಅಟ್ಟದ ಮೇಲೆ ಇದ್ದರೂ ಇರಬಹುದು. ಮತ್ತು ಮನೆಯಲ್ಲಿ ಹಿರಿಯ ತಾಯಿ ಇದ್ದರೆ, ಅವರ ಹೆಸರನ್ನು ಬರೆಯುವ ಮೊದಲು ಅವರನ್ನು ಕೇಳಿ. ನಾನು ಕೇಳಲಿಲ್ಲ.

ಅಮ್ಮನ ಬೆಂಡೋಲೆಯ ಒಂದು ಮುತ್ತು ದೇವರ ಪೀಠದ ಕೆಳಗಿದೆ. ಉಳಿದವುಗಳನ್ನು ಮೊಮ್ಮಗಳಿಗೆ ಎತ್ತಿಟ್ಟಿದ್ದೇವೆ. ಅವಳು ಇಂದು ತಾಯಿಯ ಮಡಿಲಲ್ಲಿ ಇದೇ ಚಪ್ಪರದಲ್ಲಿ ಎಲ್ಲೋ ಕುಳಿತಿದ್ದಾಳೆ. ಬೆಳೆದು ಅಕ್ಷರ ಕಲಿತಾಗ ಅವಳು ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಬರೆಯಲಿ, ಮಲಯಾಳದಲ್ಲೂ ಬರೆಯಲಿ, ಎಲ್ಲಿ ಬರೆದರೂ ಅದು ಅವಳದೇ ಹೆಸರಾಗಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಈ ಊರಿನ ಎಲ್ಲ ಮನೆಗಳ ಹೆಣ್ಣು ಮಕ್ಕಳಿಗೂ ಶ್ರೀ ದೇವರು ಆಯುರಾರೋಗ್ಯ, ವಿದ್ಯೆ, ಧೈರ್ಯಗಳನ್ನು ಕರುಣಿಸಲಿ. ಉಳಿದ ದಿನಗಳ ಎಲ್ಲ ಕಾರ್ಯಕ್ರಮಗಳಲ್ಲೂ ತಾವೆಲ್ಲರೂ ಸಕುಟುಂಬಿಕರಾಗಿ ಭಾಗವಹಿಸಿ, ಅನ್ನಪ್ರಸಾದ ಸ್ವೀಕರಿಸಿ, ಶ್ರೀ ದೇವರ ಕೃಪೆಗೆ ಪಾತ್ರರಾಗಬೇಕೆಂದು ಆಡಳಿತ ಸಮಿತಿಯ ಪರವಾಗಿ ವಿನಂತಿಸುತ್ತೇನೆ.